ಶೂನ್ಯ ಟಿಕೆಟ್ಟು, ತುಂಬಿದ ಟಂಟಂ

ಬಾದಾಮಿ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಬಾದಾಮಿ ಸಿಗುವುದಿಲ್ಲ. ಊರು ಅಲ್ಲಿಂದ ಸುಮಾರು 5 ಕಿಲೋಮೀಟರ್ ದೂರ. ಗದಗ–ಹೋಟಗಿ ಮಾರ್ಗದ ಗಾಡಿ ಇಳಿಸಿಹೋದ ಮಂದಿಯಲ್ಲಿ ಮೇಣಬಸದಿ ನೋಡಬಂದ ಪ್ರವಾಸಿಗರಿರುತ್ತಾರೆ, ಸೊಲ್ಲಾಪುರದ ಕಡೆ ದುಡಿಯಲು ಹೋಗಿ ಮರಳಿದ ಕೂಲಿಕಾರರಿರುತ್ತಾರೆ, ಬನಶಂಕರಿಗೆ ಹರಕೆ ಹೊತ್ತ ಮನೆಮಂದಿ ಇರುತ್ತಾರೆ. ಪ್ರವಾಸಿಗರು ಇಡೀ ಆಟೊ ಗೊತ್ತು ಮಾಡಿಕೊಂಡು ಹೊರಟುಬಿಡುತ್ತಾರೆ. ಉಳಿದವರು ಹುಡುಕುವುದು ಟಂಟಂ ಅನ್ನು. ಹಿಂದೆ ಟಾಂಗಾಗಳು ಮಾಡುತ್ತಿದ್ದ ಕೆಲಸ ಈಗ ಈ ಮೂರು ಗಾಲಿಯ ಗಾಡಿಯದು.

“ಬಾದಾಮಿ, ಬಾದಾಮಿ! ಬರ್ರಿ ಅಕ್ಕಾರ, ಜಾಗಾ ಐತಿ.”

“ಎಲ್ಲೈತೋ ತಮ್ಮಾ ಜಾಗಾ?”

“ಸ್ವಲ್ಪ ಸರದ ಕುಂದರ್ರಿ, ತಾನ ಆಗತೈತಿ.”

ಆಗಿಯೂ ಆಗುತ್ತದೆ. ಹಿಂದಿನ ಸೀಟು ತುಂಬಿದ ಮೇಲೆ ಎದುರಿನ ಹಲಗೆ, ಹಲಗೆ ತುಂಬಿದ ಮೇಲೆ ಚಾಲಕನ ಆಚೆಗೊಬ್ಬ ಈಚೆಗೊಬ್ಬ. ಕೂಸು ಯಾರದಾದರೂ ಸರಿ, ಯಾರದೋ ತೊಡೆಯ ಮೇಲೆ. ಜೋಳದ ಚೀಲ ಕಾಲಡಿಗೆ. ಸೀಟಿಗೆ ಇಷ್ಟು ಅಂತ ರೊಕ್ಕ. ತುಂಬುವತನಕ ಗಾಡಿ ಬಿಡುವುದಿಲ್ಲ, ತುಂಬಿದ ಮೇಲೂ ದಾರಿಯಲ್ಲಿ ಕೈ ಮಾಡಿದವರನ್ನು ಬಿಡುವುದಿಲ್ಲ.

ದೊಡ್ಡ ನಗರದವರು ಮೊಬೈಲಿನಲ್ಲಿ ಬೆರಳೊತ್ತಿ, ಗುರುತಿಲ್ಲದವರ ಜೊತೆ ಕಾರು ಹಂಚಿಕೊಂಡು, ಅದನ್ನು ರೈಡ್ ಶೇರಿಂಗ್ ಎಂದು ಕರೆಯತೊಡಗಿದ್ದು ಈಚಿನ ಮಾತು. ಬಾದಾಮಿ ಇರುವ ಬಾಗಲಕೋಟೆ ಜಿಲ್ಲೆಯಲ್ಲಿ ಆ ಪದ್ಧತಿ ಆ್ಯಪಿಗೂ ಮುಂಚಿನದು. ಪೇಟೆಯೊಳಗೆ ಟಂಟಂ, ಹಳ್ಳಿಗಳ ನಡುವೆ ಕ್ರೂಸರ್ ಜೀಪು. ಬಡವರು ದಿನಾ ಹಂಚಿಕೊಳ್ಳುವ ಗಾಡಿಗಳು ಇವೇ. ಅವರ ಪ್ರಯಾಣಕ್ಕೆ ಸರ್ಕಾರ ದುಡ್ಡನ್ನೂ ಹಾಕುತ್ತದೆ, ಸಣ್ಣ ಮೊತ್ತವನ್ನೇನಲ್ಲ. ಒಂದು ಪಾಲು ಬಸ್ಸಿನ ಟಿಕೆಟ್ಟಿಗೆ ಹೋಗುತ್ತದೆ, ಇನ್ನೊಂದು ಪಾಲು ಹೊಸ ಗಾಡಿ ಕೊಳ್ಳುವವರ ಕೈಗೆ ಹೋಗುತ್ತದೆ. ಟಂಟಂ ಹಲಗೆಯ ಮೇಲೆ ಕುಳಿತವಳ ಹತ್ತಿರ ಮಾತ್ರ ಅದು ಬರುವುದಿಲ್ಲ.

ಒಂದು ಪ್ರಯಾಣಕ್ಕೆ 25 ರೂಪಾಯಿ

ಮೊದಲು ಬಸ್ಸಿನ ಲೆಕ್ಕ ನೋಡಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೂ ಲೈಂಗಿಕ ಅಲ್ಪಸಂಖ್ಯಾತರಿಗೂ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದರವನ್ನು ಸೊನ್ನೆಗೆ ಇಳಿಸಿತು. ಬಾಗಲಕೋಟೆಯಲ್ಲಿ ಈ ಬಸ್ಸು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. 1997ರ ಆಗಸ್ಟಿನಲ್ಲಿ ಜಿಲ್ಲೆ ಹುಟ್ಟಿತು, ಅದೇ ವರ್ಷ ನವೆಂಬರಿನಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ಈ ಸಂಸ್ಥೆ ಹುಟ್ಟಿತು. ಹೆಚ್ಚುಕಡಿಮೆ ಒಂದೇ ವಯಸ್ಸಿನವು ಎರಡೂ.

ಹೆಣ್ಣುಮಗಳು ಆಧಾರ್ ಕಾರ್ಡು ತೋರಿಸುತ್ತಾಳೆ, ಕಂಡಕ್ಟರ್ ಯಂತ್ರ ಒತ್ತಿ ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಡುತ್ತಾನೆ. ಅವಳಿಗೆ ಅದು ಬರೀ ಚೀಟಿ. ಸಂಸ್ಥೆಗೆ ಅದೇ ಹುಂಡಿ. ಎಲ್ಲಿಂದ ಎಲ್ಲಿಗೆ ಹೋದಳು, ಅದಕ್ಕೆ ಎಷ್ಟು ದರ ಆಗುತ್ತಿತ್ತು ಎಂಬುದು ಯಂತ್ರದಲ್ಲಿ ದಾಖಲಾಗುತ್ತದೆ, ಆ ಲೆಕ್ಕದ ಮೇಲೆ ಸಂಸ್ಥೆ ಸರ್ಕಾರದಿಂದ ಹಣ ಕೇಳುತ್ತದೆ. 2025ರ ಜುಲೈ 14ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಇಂಥ ಚೀಟಿಗಳಲ್ಲಿ 500 ಕೋಟಿಯನೆಯದನ್ನು ವಿತರಿಸಿದರು. ಅಲ್ಲಿಯವರೆಗಿನ ಅವುಗಳ ಮೌಲ್ಯ ಸುಮಾರು 12,600 ಕೋಟಿ ರೂಪಾಯಿ. ಭಾಗಿಸಿದರೆ ಒಂದು ಪ್ರಯಾಣಕ್ಕೆ ಸರಾಸರಿ 25 ರೂಪಾಯಿ ಬರುತ್ತದೆ.

ಆ 25 ರೂಪಾಯಿ ಏನು ಮಾಡಿತು ಎಂಬುದನ್ನು ಇಳಕಲ್ಲಿನಂಥ ಊರಲ್ಲಿ ಸುಲಭವಾಗಿ ಊಹಿಸಬಹುದು. ಇಳಕಲ್ ನೇಕಾರರ ಊರು. ಗುಂಡಿ ಮಗ್ಗದ ಮುಂದೆ ಕುಳಿತು ಸೀರೆ ನೇಯುವ ಮನೆಯಲ್ಲಿ ನೂಲು ಸುತ್ತುವುದು, ಹಾಸು ಹೂಡುವುದು, ಸೆರಗು ಜೋಡಿಸುವುದು ಬಹುಪಾಲು ಹೆಂಗಸರ ಕೆಲಸ. ಅದಕ್ಕೆ ಸಿಗುವ ಕೂಲಿಯಲ್ಲಿ ಬಸ್ಸಿನ ಚಾರ್ಜು ಒಂದು ದೊಡ್ಡ ಬಾಬ್ತಾಗಿತ್ತು. ಇಳಕಲ್ಲಿಗೂ ಪಕ್ಕದ ಹುನಗುಂದಕ್ಕೂ ರೈಲಿಲ್ಲ, ಹೋದರೆ ರಸ್ತೆಯಲ್ಲೇ ಹೋಗಬೇಕು. ಹಾಗಿರುವಾಗ ಬಾಗಲಕೋಟೆಯ ಆಸ್ಪತ್ರೆಗೆ ಹೋಗಿಬರುವ ಖರ್ಚು ಸೊನ್ನೆಯಾಯಿತೆಂದರೆ, ನಾಳೆ ನೋಡೋಣ ಎನ್ನುತ್ತಿದ್ದ ಮೊಣಕಾಲು ನೋವು ಇವತ್ತೇ ಡಾಕ್ಟರ ಮುಂದೆ ಬರುತ್ತದೆ.

ಆದರೆ ಶಕ್ತಿ ಬಡತನವನ್ನು ಕೇಳುವುದಿಲ್ಲ. ಹೆಣ್ಣಾಗಿದ್ದರೆ ಸಾಕು, ಆದಾಯ ಎಷ್ಟಾದರೂ ಇರಲಿ. ಅದೇ ಬಸ್ಸಿನಲ್ಲಿ ಪಕ್ಕಕ್ಕೆ ನಿಂತ ಗಂಡ, ಅದೇ ಹೊಲದ ಕೂಲಿಯವನು, ಪೂರ್ತಿ ದರ ಕೊಡುತ್ತಾನೆ. 2025ರ ಜನವರಿ 5ರಿಂದ ಆ ದರವೂ ಶೇ 15ರಷ್ಟು ಏರಿದೆ. ಅರವತ್ತು ದಾಟಿದ್ದರೆ ಹಿರಿಯ ನಾಗರಿಕನೆಂದು ಶೇ 25 ರಿಯಾಯಿತಿ, ಅಂಗವಿಕಲನಾಗಿದ್ದರೆ ಪಾಸು, ಸಾಲಿ ಹುಡುಗನಾಗಿದ್ದರೆ ಇನ್ನೊಂದು ಪಾಸು. ಇವು ಮೂರೂ ಅಲ್ಲದ ದುಡಿಯುವ ಗಂಡಸಿಗೆ ಬಡತನದ ಹೆಸರಿನಲ್ಲಿ ಸಿಗುವ ಟಿಕೆಟ್ ಯಾವುದೂ ಇಲ್ಲ.

ಇನ್ನೊಂದು ಷರತ್ತು ಯಾವ ಆದೇಶದಲ್ಲೂ ಬರೆದಿಲ್ಲ: ಬಸ್ಸು ಬರಬೇಕು. ಊರಿಗೆ ಮುಂಜಾನೆ ಒಂದು, ಸಂಜೆ ಒಂದು, ರಾತ್ರಿ ಉಳಿಯುವ ವಸ್ತಿ ಬಸ್ಸು ಒಂದು. ಎಷ್ಟೋ ಹಳ್ಳಿಗಳ ವೇಳಾಪಟ್ಟಿ ಇಷ್ಟೇ. ಮುಂಜಾನೆಯ ಬಸ್ಸು ಸಾಲಿ ಹುಡುಗರಿಂದಲೇ ತುಂಬಿ, ಮುಂದಿನ ಊರಿನ ನಿಲ್ದಾಣದಲ್ಲಿ ನಿಲ್ಲದೆ ಹೋಗಿಬಿಟ್ಟರೆ ಶೂನ್ಯ ಟಿಕೆಟ್ಟಿನ ಬೆಲೆಯೂ ಶೂನ್ಯ. ಆಗ ಬರುವುದು ಕ್ರೂಸರ್. ಅದು ರೊಕ್ಕ ಕೇಳುತ್ತದೆ, ಆದರೆ ನಿಲ್ಲಿಸುತ್ತದೆ.

ಸೀಟು ಖಾಲಿಯಾದ ಕಡೆ

ಬಸ್ಸು ಹೋಗುವ ದಾರಿಯಲ್ಲಿ ಕಥೆ ಬೇರೆ. ಹಳೆ ಬಾಗಲಕೋಟೆ, ವಿದ್ಯಾಗಿರಿ, ನವನಗರ: ಮೂರು ತುಂಡಾಗಿ ಹರಡಿದ ಊರು ಬಾಗಲಕೋಟೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಮುಳುಗಿ, ಸಂತ್ರಸ್ತರಿಗಾಗಿ ನವನಗರ ಎದ್ದಿತು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ನವನಗರದಲ್ಲಿವೆ, ಹಳೆಯ ಪೇಟೆ ಹಳೆ ಊರಿನಲ್ಲಿದೆ, ಕಾಲೇಜುಗಳು ನಡುವಿನ ವಿದ್ಯಾಗಿರಿಯಲ್ಲಿವೆ. ಒಂದು ಕಾಲಕ್ಕೆ ನಡೆದು ಮುಗಿಯುತ್ತಿದ್ದ ಕೆಲಸಕ್ಕೆ ಈಗ ಗಾಡಿ ಬೇಕು. ಮುಳುಗಡೆಯೇ ಈ ಊರಿನ ಟಂಟಂ ಕಸುಬಿಗೆ ಗಿರಾಕಿ ಒದಗಿಸಿತು ಎಂದರೂ ಸರಿ.

ಆ ಕಸುಬಿನ ಲೆಕ್ಕ ಬಲು ಬಿಗಿಯಾದದ್ದು. ಗಾಡಿ ಬಹುತೇಕ ಫೈನಾನ್ಸಿನದು, ತಿಂಗಳಿಗೊಂದು ಕಂತು. ಮೇಲೆ ಎಣ್ಣೆ ಖರ್ಚು, ವಿಮೆ, ಪಾಸಿಂಗು, ಟಯರು. ಸ್ಟ್ಯಾಂಡಿನಲ್ಲಿ ಪಾಳಿ ಹಚ್ಚಿ ನಿಂತು, ತನ್ನ ಸರದಿ ಬಂದಾಗ ತುಂಬಿಸಿಕೊಂಡು ಹೊರಟರೆ, ಮೊದಲ ಕೆಲವು ಸೀಟಿನ ರೊಕ್ಕ ಎಣ್ಣೆಗೇ ಸರಿ. ಲಾಭ ಇರುವುದು ಕೊನೆಯ ಎರಡು ಮೂರು ಸೀಟಿನಲ್ಲಿ. ಆ ಕೊನೆಯ ಸೀಟುಗಳೇ 2023ರ ಜೂನಿನ ನಂತರ ಬಸ್ಸು ಹತ್ತಿದವು. ಪಕ್ಕದಲ್ಲೇ ಪುಕ್ಕಟೆ ಬಸ್ಸು ಬರುವಾಗ ರೊಕ್ಕ ಕೊಟ್ಟು ಟಂಟಂ ಹತ್ತುವುದೇಕೆ?

ರಾಜ್ಯದ ಆಟೊ, ಟ್ಯಾಕ್ಸಿ, ಖಾಸಗಿ ಬಸ್ ಮಾಲೀಕರ ಒಕ್ಕೂಟ 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಬಂದ್ ನಡೆಸಿದ್ದು ಈ ಸಂಕಟದಿಂದಲೇ. ಶಕ್ತಿಯನ್ನು ಖಾಸಗಿ ಬಸ್ಸಿಗೂ ವಿಸ್ತರಿಸಿ, ಇಲ್ಲವೇ ನಷ್ಟ ತುಂಬಿಕೊಡಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಸದ್ದು ಬೆಂಗಳೂರಿನಲ್ಲಿ ಕೇಳಿತು. ಜಿಲ್ಲೆಯ ಸ್ಟ್ಯಾಂಡುಗಳಲ್ಲಿ ಅದೇ ನೋವು ಸದ್ದಿಲ್ಲದೆ ಪಾಳಿಯ ಕಾಯುವಿಕೆಯಾಗಿ ಉದ್ದವಾಯಿತು.

ಗಾಡಿಗೆ ಸಹಾಯಧನ, ಸೀಟಿಗಿಲ್ಲ

ಹಾಗಾದರೆ ಸರ್ಕಾರಕ್ಕೆ ಈ ಚಾಲಕರು ಕಾಣುವುದೇ ಇಲ್ಲವೇ? ಕಾಣುತ್ತಾರೆ, ಆದರೆ ಶೋರೂಮಿನ ಬಾಗಿಲಲ್ಲಿ.

2019ರ ಹೊತ್ತಿಗೆ ಸಮಾಜ ಕಲ್ಯಾಣ ಇಲಾಖೆ ‘ಐರಾವತ’ ಎಂಬ ಯೋಜನೆ ನಡೆಸಿತು. ಪರಿಶಿಷ್ಟ ಜಾತಿ, ಪಂಗಡದ ನಿರುದ್ಯೋಗಿ ಯುವಕರು ಕಾರು ಕೊಂಡು ಓಲಾ, ಉಬರ್‌ನಂಥ ಕಂಪನಿಗಳಿಗೆ ಓಡಿಸಲಿ ಎಂದು 5 ಲಕ್ಷ ರೂಪಾಯಿಯವರೆಗೆ ಸಹಾಯಧನ ಕೊಡುವುದು ಅದರ ಹೂರಣ. ಆ್ಯಪ್ ಆಧಾರಿತ ಸವಾರಿಗೂ ಬಡವರಿಗೂ ಸರ್ಕಾರಿ ಹಣದ ಗಂಟು ಹಾಕಿದ ಯೋಜನೆ ಕರ್ನಾಟಕದಲ್ಲಿ ಇದು. ಹೆಸರಿನಲ್ಲೊಂದು ತಮಾಷೆಯೂ ಇದೆ. ರಾಜ್ಯ ಸಾರಿಗೆಯ ವೋಲ್ವೊ ಬಸ್ಸಿಗೂ ಐರಾವತ ಎಂದೇ ಹೆಸರು, ಶಕ್ತಿಯ ಚೀಟಿ ಅದರೊಳಗೆ ನಡೆಯುವುದಿಲ್ಲ.

2023ರಲ್ಲಿ ಬಂದದ್ದು ‘ಸ್ವಾವಲಂಬಿ ಸಾರಥಿ’. ಹಳದಿ ಬೋರ್ಡಿನ ನಾಲ್ಕು ಗಾಲಿಯ ಗಾಡಿ ಕೊಳ್ಳುವ ಪರಿಶಿಷ್ಟ ಸಮುದಾಯದವರಿಗೆ ಬೆಲೆಯ ಶೇ 75, ಗರಿಷ್ಠ 4 ಲಕ್ಷ ರೂಪಾಯಿ. ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತರಿಗೆ ಶೇ 50, ಗರಿಷ್ಠ 3 ಲಕ್ಷ. ಉಳಿದದ್ದು ಬ್ಯಾಂಕ್ ಸಾಲ. ವಿದ್ಯುತ್ ಆಟೊ ಕೊಳ್ಳುವವರಿಗೆ 2024ರ ಅಕ್ಟೋಬರಿನಿಂದ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ ಬೇರೆ ಇತ್ತು. ಕೊರೊನಾ ಕಾಲದಲ್ಲಿ, 2020ರಲ್ಲಿ ಆಟೊ, ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ, 2021ರಲ್ಲಿ 3,000 ರೂಪಾಯಿ ಪರಿಹಾರವೂ ಬಂದಿತ್ತು.

ಇವುಗಳಿಂದ ಗಾಡಿ ಮಾಲೀಕರಾದವರುಂಟು. ಕುತ್ತಿಗೆಗೆ ಬಿದ್ದ ಕಂತು ಅರ್ಧಕ್ಕರ್ಧ ಹಗುರಾಗುವುದು ಸಣ್ಣ ಮಾತಲ್ಲ. ಆದರೆ ಈ ಹಣ ಗಾಡಿ ಕೊಂಡ ದಿನಕ್ಕೆ ಮುಗಿಯುತ್ತದೆ. ಅದು ಯಾವ ದಾರಿಯಲ್ಲಿ ಓಡಬೇಕು, ಬಸ್ಸಿಲ್ಲದ ಊರಿಗೆ ಹೋಗಬೇಕೇ, ರಾತ್ರಿ ಸಿಗಬೇಕೇ ಎಂಬ ಪ್ರಶ್ನೆ ಯೋಜನೆಯೊಳಗಿಲ್ಲ. ಹೊಸ ಗಾಡಿಯವನೂ ಹೋಗಿ ಅದೇ ಸ್ಟ್ಯಾಂಡಿನ ಅದೇ ಪಾಳಿಗೆ ನಿಲ್ಲುತ್ತಾನೆ. ಒಂದು ಕೈಯಿಂದ ಸೀಟು ಹೆಚ್ಚಿಸಿ, ಇನ್ನೊಂದು ಕೈಯಿಂದ ಗಿರಾಕಿಯನ್ನು ಬಸ್ಸಿಗೆ ಹತ್ತಿಸಿದಂತಾಗುತ್ತದೆ.

ಕಾನೂನಿನ ಕಣ್ಣಿಗೆ

ಟಂಟಂ ಸೀಟಿಗೆ ಸಹಾಯಧನ ಕೊಡಲು ಸರ್ಕಾರ ಹಿಂಜರಿಯುವುದಕ್ಕೆ ದುಡ್ಡಿಗಿಂತ ಮುಂಚಿನ ಒಂದು ಕಾರಣವಿದೆ. ಆ ಸೀಟು ಕಾನೂನಿನಲ್ಲಿ ಸರಿಯಾಗಿ ಕುಳಿತಿಲ್ಲ.

1988ರ ಮೋಟಾರು ವಾಹನ ಕಾಯ್ದೆ ಬಾಡಿಗೆ ಗಾಡಿಗಳನ್ನು ಎರಡು ಬಗೆಯಾಗಿ ನೋಡುತ್ತದೆ. ದಾರಿಯುದ್ದಕ್ಕೂ ಹತ್ತಿಸುತ್ತ ಇಳಿಸುತ್ತ, ಒಬ್ಬೊಬ್ಬರಿಂದ ಬೇರೆ ಬೇರೆ ದರ ಪಡೆಯುವುದು ಒಂದು ಬಗೆ. ಸರ್ಕಾರಿ ಬಸ್ಸು ಹಾಗೆ. ಇಡೀ ಗಾಡಿಯನ್ನು ಒಪ್ಪಂದದ ಮೇಲೆ ಗೊತ್ತು ಮಾಡಿಕೊಂಡು ಹೋಗುವುದು ಇನ್ನೊಂದು ಬಗೆ. ಆಟೊ, ಟ್ಯಾಕ್ಸಿ, 12 ಪ್ರಯಾಣಿಕರವರೆಗಿನ ಮ್ಯಾಕ್ಸಿ ಕ್ಯಾಬು ಇದರೊಳಗೆ ಬರುತ್ತವೆ. ಸಣ್ಣ ಕ್ಯಾಬಿನಲ್ಲಿ ಸೀಟಿಗಿಷ್ಟೆಂದು ರೊಕ್ಕ ಪಡೆದರೂ ಅದು ಒಪ್ಪಂದದ ಗಾಡಿಯೇ ಎಂದು ಕಾಯ್ದೆ ಒಪ್ಪುತ್ತದೆ. ಆದರೆ ನಡುದಾರಿಯಲ್ಲಿ ಕೈ ಮಾಡಿದ ಹೊಸಬರನ್ನು ಹತ್ತಿಸಿಕೊಳ್ಳುವುದನ್ನು ಒಪ್ಪುವುದಿಲ್ಲ. ಟಂಟಂನ ಜೀವಾಳವೇ ಅದು.

ತೂಕದ ಮಾತು ಇನ್ನೊಂದಿದೆ. ಪರವಾನಗಿಯಲ್ಲಿ ಇರುವ ಸೀಟುಗಳಿಗಿಂತ ಹೆಚ್ಚು ಜನರನ್ನು ತುಂಬಿ ಅಪಘಾತವಾದರೆ, ವಿಮಾ ಕಂಪನಿಯ ಹೊಣೆ ಪರವಾನಗಿಯ ಸೀಟುಗಳ ಲೆಕ್ಕಕ್ಕೆ ಸೀಮಿತ ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. “ಸ್ವಲ್ಪ ಸರದ ಕುಂದರ್ರಿ” ಎಂಬ ಮಾತಿಗೆ ಸರಿದು ಕುಳಿತ ಹತ್ತನೆಯವಳು ಯಾರ ಲೆಕ್ಕಕ್ಕೂ ಸೇರದೆ ಪ್ರಯಾಣ ಮಾಡುತ್ತಿರುತ್ತಾಳೆ.

ಹೀಗಿದ್ದೂ ಸರ್ಕಾರವೇ ಈ ಗಾಡಿಗಳನ್ನು ಕರೆದು ಬಸ್ ನಿಲ್ದಾಣದೊಳಗೆ ನಿಲ್ಲಿಸಿದ ದಿನಗಳೂ ಇವೆ. 2021ರ ಏಪ್ರಿಲ್ 7ರಿಂದ ಎರಡು ವಾರ ರಾಜ್ಯದ ಸಾರಿಗೆ ನೌಕರರು ಮುಷ್ಕರ ಹೂಡಿದಾಗ, ಖಾಸಗಿ ಬಸ್ಸು, ಮ್ಯಾಕ್ಸಿ ಕ್ಯಾಬುಗಳಿಗೆ ಸರ್ಕಾರ ತಾತ್ಕಾಲಿಕ ಅನುಮತಿ ಕೊಟ್ಟು ಜನರನ್ನು ಸಾಗಿಸಲು ಹೇಳಿತು. ನಿಲ್ದಾಣದ ಗೇಟಿನ ಹೊರಗೆ ದಂಡದ ಚೀಟಿಗೆ ಹೆದರಿ ನಿಲ್ಲುತ್ತಿದ್ದ ಗಾಡಿ ಪ್ಲಾಟ್‌ಫಾರ್ಮಿಗೇ ಬಂದು ನಿಂತಿತು. ಮುಷ್ಕರ ಮುಗಿಯಿತು, ಗಾಡಿ ಮತ್ತೆ ಗೇಟಿನ ಹೊರಗೆ ಹೋಯಿತು.

ಶಾಶ್ವತ ದಾರಿಯೊಂದು ಕಾಯ್ದೆಯಲ್ಲೇ ಇದೆ. 2019ರ ತಿದ್ದುಪಡಿ 67ನೆಯ ಕಲಮಿಗೆ ಹೊಸ ಉಪಕಲಮೊಂದನ್ನು ಸೇರಿಸಿತು. ಗ್ರಾಮೀಣ ಸಾರಿಗೆಗಾಗಿ, ನಿಲ್ದಾಣದಿಂದ ಮನೆಯವರೆಗಿನ ಕೊನೆಯ ಹರದಾರಿಗಾಗಿ ರಾಜ್ಯ ಸರ್ಕಾರವೇ ಯೋಜನೆ ರೂಪಿಸಬಹುದು, ಇರುವ ಪರವಾನಗಿಗಳನ್ನು ಮಾರ್ಪಡಿಸಬಹುದು, ಹೊಸ ಲೈಸೆನ್ಸು ಕೊಡಬಹುದು ಎನ್ನುತ್ತದೆ ಅದು. ಬಾದಾಮಿ ಸ್ಟೇಶನ್ನಿನಿಂದ ಬಾದಾಮಿಯ ಬಸ್ ನಿಲ್ದಾಣಕ್ಕೆ ಇಂತಿಷ್ಟು ಟಂಟಂ, ಇಂತಿಷ್ಟೇ ಸೀಟು, ಇಂತಿಷ್ಟು ದರ ಎಂದು ಗೊತ್ತುಪಡಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.

ಬೇರೆ ಊರಿನವರು ಮಾಡಿದ್ದು

ಪಕ್ಕದ ಆಂಧ್ರ ಪ್ರದೇಶ 2025ರ ಆಗಸ್ಟ್ 15ರಂದು ಮಹಿಳೆಯರಿಗೆ ಉಚಿತ ಬಸ್ಸು ಆರಂಭಿಸಿತು. ಅಲ್ಲಿಯೂ ಆಟೊದವರು ಸಿಟ್ಟಿಗೆದ್ದರು. ಎರಡು ತಿಂಗಳು ತುಂಬುವುದರೊಳಗೆ, ಅಕ್ಟೋಬರ್ 4ರಂದು, ಆಟೊ, ಟ್ಯಾಕ್ಸಿ, ಮ್ಯಾಕ್ಸಿ ಕ್ಯಾಬ್ ಚಾಲಕರಿಗೆ ವರ್ಷಕ್ಕೆ 15,000 ರೂಪಾಯಿ ಕೊಡುವ ಯೋಜನೆ ಜಾರಿಗೆ ಬಂತು. ಸುಮಾರು 2.9 ಲಕ್ಷ ಮಂದಿಗೆ 436 ಕೋಟಿ ರೂಪಾಯಿ. ಅಲ್ಲಿ ಹಿಂದಿನ ಸರ್ಕಾರ ಕೂಡ 2019ರಿಂದ ‘ವಾಹನ ಮಿತ್ರ’ ಹೆಸರಿನಲ್ಲಿ ವರ್ಷಕ್ಕೆ 10,000 ರೂಪಾಯಿ ಕೊಡುತ್ತಿತ್ತು. ಚಾಲಕನ ಮನೆಯ ಒಲೆಗೆ ಇದು ಆಸರೆ. ಪ್ರಯಾಣಿಕಳ ದರ ಮಾತ್ರ ಇದರಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ.

ದಕ್ಷಿಣ ಆಫ್ರಿಕಾದ ಬಡವರು ಓಡಾಡುವುದು ನಮ್ಮ ಕ್ರೂಸರಿನಂಥ ಮಿನಿಬಸ್ ಟ್ಯಾಕ್ಸಿಗಳಲ್ಲಿ. ಅಲ್ಲಿನ ಸರ್ಕಾರ 2006ರಲ್ಲಿ ಹಳೆಯ, ಅಪಾಯಕಾರಿ ಗಾಡಿಗಳನ್ನು ಗುಜರಿಗೆ ಹಾಕಿದವರಿಗೆ ಗಾಡಿಗೆ 50,000 ರ‍್ಯಾಂಡ್‌ನಂತೆ ಕೊಡತೊಡಗಿತು. ಅಲ್ಲಿಯೂ ದಿನನಿತ್ಯದ ಟಿಕೆಟ್ ಸಹಾಯಧನ ಬಹುಪಾಲು ಬಸ್ಸು, ರೈಲಿಗೇ ಹರಿಯಿತು. ಆ ಗುಜರಿ ಯೋಜನೆಯನ್ನು ನಮ್ಮ ಸ್ವಾವಲಂಬಿ ಸಾರಥಿಯ ದೂರದ ನೆಂಟ ಎನ್ನಬಹುದು.

ಸವಾರಿಗೇ ದುಡ್ಡು ಕೊಟ್ಟು ನೋಡಿದವರೂ ಇದ್ದಾರೆ. ಅಮೆರಿಕದ ಫ್ಲಾರಿಡಾ ರಾಜ್ಯದ ಪಿನೆಲಸ್ ಕೌಂಟಿಯ ಸಾರಿಗೆ ಸಂಸ್ಥೆ 2016ರಲ್ಲಿ ಉಬರ್ ಜೊತೆ ಒಪ್ಪಂದ ಮಾಡಿಕೊಂಡು, ರಾತ್ರಿ ಪಾಳಿಯ ಕಡಿಮೆ ಆದಾಯದ ಕೆಲಸಗಾರರಿಗೆ ತಿಂಗಳಿಗೆ 20ಕ್ಕೂ ಹೆಚ್ಚು ಸವಾರಿಗಳನ್ನು ಉಚಿತವಾಗಿ ಕೊಟ್ಟಿತು. ಬಸ್ಸು ನಿಂತುಹೋದ ಹೊತ್ತಿನಲ್ಲಿ ಖಾಲಿ ಬಸ್ಸು ಓಡಿಸುವುದಕ್ಕಿಂತ ಇದು ಅಗ್ಗ ಎಂಬುದು ಅವರ ಲೆಕ್ಕ. ಕೆನಡಾದ ಇನ್ನಿಸ್‌ಫಿಲ್ ಎಂಬ ಸಣ್ಣ ಪಟ್ಟಣ 2017ರಲ್ಲಿ ಬಸ್ಸನ್ನೇ ಕೊಳ್ಳದೆ, ಎಲ್ಲರ ಉಬರ್ ಸವಾರಿಗೂ ಪುರಸಭೆಯಿಂದ ದುಡ್ಡು ಕೊಟ್ಟಿತು. ಜನ ಮೆಚ್ಚಿ ಹತ್ತಿದರು, ಹತ್ತಿದಷ್ಟೂ ಪುರಸಭೆಯ ಖರ್ಚು ಏರಿತು. ಬಸ್ಸಿನಲ್ಲಿ ಇಪ್ಪತ್ತನೆಯವನು ಹತ್ತಿದರೆ ಖರ್ಚು ಹೆಚ್ಚುವುದಿಲ್ಲ, ಕಾರಿನಲ್ಲಿ ಪ್ರತಿ ಸವಾರಿಯೂ ಹೊಸ ಖರ್ಚು. 2019ರಲ್ಲಿ ದರ ಒಂದು ಡಾಲರ್ ಏರಿ, ತಿಂಗಳಿಗೆ 30 ಸವಾರಿಯ ಮಿತಿ ಬಂತು.

ಈ ಎರಡು ಅನುಭವಗಳನ್ನು ಹುನಗುಂದದ ಲೆಕ್ಕಕ್ಕೆ ಹಿಡಿದರೆ ಟಂಟಂಗೆ ಒಂದು ಅನುಕೂಲ ಕಾಣುತ್ತದೆ. ಅದು ಇನ್ನಿಸ್‌ಫಿಲ್ಲಿನ ಕಾರಿನಂತೆ ಒಬ್ಬೊಬ್ಬರಿಗಾಗಿ ಓಡುವುದಿಲ್ಲ, ಬಸ್ಸಿನಂತೆ ತುಂಬಿ ಓಡುತ್ತದೆ. ಪಿನೆಲಸ್ಸಿನಂತೆ ಬಸ್ಸಿಲ್ಲದ ಹೊತ್ತು, ಬಸ್ಸಿಲ್ಲದ ದಾರಿಗಷ್ಟೇ ಸಹಾಯಧನ ಕಟ್ಟಿಟ್ಟರೆ ಖರ್ಚು ಹದ್ದುಮೀರದು. ತೊಡಕಿರುವುದು ಎಣಿಕೆಯಲ್ಲಿ. ಬಸ್ಸಿನಲ್ಲಿ ಕಂಡಕ್ಟರನ ಯಂತ್ರವಿದೆ, ಚೀಟಿ ಹರಿದಷ್ಟಕ್ಕೆ ಲೆಕ್ಕ. ಟಂಟಂನಲ್ಲಿ ಯಾರು ಹತ್ತಿದರು, ಎಲ್ಲಿ ಇಳಿದರು ಎಂಬುದು ಚಾಲಕನ ತಲೆಯಲ್ಲಿ ಮಾತ್ರ ಇರುತ್ತದೆ. ಆದರೂ ಅದೇ ಚಾಲಕನ ಗಾಜಿನ ಮೇಲೆ ಇವತ್ತು ಫೋನ್‌ಪೇ ಚೌಕುಳಿ ಅಂಟಿಕೊಂಡಿದೆ. ದುಡ್ಡು ಬಂದ ಕೂಡಲೇ ಪೆಟ್ಟಿಗೆ ಕೂಗಿ ಹೇಳುತ್ತದೆ. ಲೆಕ್ಕ ಇಡುವ ಸಾಧನ ಆಗಲೇ ಗಾಡಿ ಹತ್ತಿದೆ.

ಸಂಜೆ ಹುನಗುಂದದ ಬಸ್ ನಿಲ್ದಾಣದಲ್ಲಿ ಬಾಗಲಕೋಟೆಯ ಬಸ್ಸು ನಿಲ್ಲುತ್ತದೆ. ಆಸ್ಪತ್ರೆಯ ಚೀಲ ಹಿಡಿದ ಹೆಂಗಸರು ಇಳಿದು ಗೇಟಿನ ಹೊರಗೆ ನಡೆಯುತ್ತಾರೆ, ಊರಿನ ಕಡೆಯ ಬಸ್ಸು ಆಗಲೇ ಹೋಗಿಬಿಟ್ಟಿರುತ್ತದೆ. ಎಲೆ ಅಡಿಕೆ ಸಂಚಿಯ ಒಂದು ಅರೆಯಲ್ಲಿ ಮಡಚಿದ ಶೂನ್ಯ ಟಿಕೆಟ್ಟು, ಇನ್ನೊಂದು ಅರೆಯಲ್ಲಿ ಕ್ರೂಸರಿಗೆಂದು ಮೊದಲೇ ತೆಗೆದಿಟ್ಟ ಚಿಲ್ಲರೆ. ಎಷ್ಟೊತ್ತಿಗೆ ಬಿಡ್ತೀಯಪಾ ಎಂದು ಕೇಳಿದರೆ ಚಾಲಕ ರಸ್ತೆಯ ಕಡೆ ನೋಡುತ್ತಲೇ ಉತ್ತರ ಕೊಡುತ್ತಾನೆ:

“ಇನ್ನ ಇಬ್ಬರ ಬರೂದ ಐತ್ರಿ ಯವ್ವಾ. ಬಂದ ಕೂಡ್ಲೆ ಬಿಟ್ಟ ಬಿಡ್ತೀನಿ.”